ದಿನಕ್ಕೊಂದು ಸಾಮಾನಿನ ಅಕ್ಕೋರು

ನಮ್ಮ ಮನೆಗೆ ಹೊಸದಾಗಿ ಬಂದವರು ಮೊದಲು ನನ್ನ ಮುಖ ನೋಡುವುದಿಲ್ಲ, ಗೋಡೆ ನೋಡುತ್ತಾರೆ. ಪಡಸಾಲೆಯ ಒಂದೇ ಗೋಡೆಗೆ ಐದು ಗಡಿಯಾರಗಳು. ಒಂದರಲ್ಲಿ ನವಿಲು, ಒಂದರಲ್ಲಿ ತಾಜಮಹಲು, ಮಿಕ್ಕ ಮೂರರಲ್ಲಿ ‘ಪ್ರೀತಿಪೂರ್ವಕ’ ಎಂಬ ಬಂಗಾರದ ಅಕ್ಷರ. ಯಾಕಿಷ್ಟು ಎಂದು ಕೇಳಿದವರಿಗೆ ನಾನು ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳುತ್ತೇನೆ. ಕರೆಂಟಿನ ಮೀಟರ್ ನೋಡಲು ಬಂದವನಿಗೆ, ‘ಒಂದು ಲಂಡನ್ನಿನ ಟೈಮು, ಒಂದು ದುಬೈದು, ಉಳಿದ ಮೂರು ಯಾದಗಿರಿ, ಶಹಾಪುರ, ಸುರಪುರದವು’ ಎಂದೆ. ಪಾಪ, ಅವನು ಸುರಪುರಕ್ಕೂ ಶಹಾಪುರಕ್ಕೂ ಎಷ್ಟು ಫರಕು ಎಂದು ಕುತ್ತಿಗೆ ಎತ್ತಿ ಬಹಳ ಹೊತ್ತು ನಿಂತಿದ್ದ.

ಖರೆ ಸಂಗತಿ ಏನೆಂದರೆ, ಆ ಐದನ್ನೂ ನನ್ನ ತಲೆಗೆ ಕಟ್ಟಿದವರು ಪಕ್ಕದ ಮನೆಯ ಅಕ್ಕೋರು. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಹೇಳುತ್ತೇನೆ. ಆದರೆ ಮೊದಲು ನನ್ನ ತಕರಾರು ಮುಗಿಯಲಿ.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಶಹಾಪುರದಲ್ಲಿ ಅಂಥವರು ನೂರು ಜನ ಇದ್ದಾರು. ಆದರೆ ನಮ್ಮ ಓಣಿಯಲ್ಲಿ ಬರೀ ‘ಅಕ್ಕೋರು’ ಎಂದರೆ ಇವರೊಬ್ಬರೇ. ಮದುವೆ ಆಗಲಿಲ್ಲ. ಯಾಕೆಂದು ಕೇಳುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ, ನನಗಿತ್ತು, ಕೇಳಿದೆ. “ಪುರಸೊತ್ತ ಆಗ್ಲಿಲ್ರಿ” ಎಂದರು. ಗಿಡ್ಡ ಆಳು, ಅವಸರದ ನಡಿಗೆ. ಮಾತಾಡುವಾಗ ಹೆಬ್ಬೆರಳು ತೋರುಬೆರಳು ಸೇರಿಸಿ ಉಜ್ಜುವರು, ಇಲ್ಲದ ಸೀಮೆಸುಣ್ಣದ ಪುಡಿ ಉದುರಿಸುವ ಹಾಗೆ. ಒಮ್ಮೆ ಸುರಪುರದ ಮದುವೆಯೊಂದರಲ್ಲಿ ಬ್ಯಾಂಡಿನವರು ಕಿವಿ ಹರಿಯುವಂತೆ ಬಾರಿಸುತ್ತಿದ್ದರು. ಇವರು ಎದ್ದು ನಿಂತು, ಕೈ ಎತ್ತಿ, “ಸಾಕು” ಎಂದರು ಅಷ್ಟೇ. ಬ್ಯಾಂಡು ನಿಂತಿತು. ಊದುತ್ತಿದ್ದವರಲ್ಲಿ ಮೂವರು ಇವರ ಹತ್ತಿರ ಓದಿದವರು. ನಾಲ್ಕನೆಯವನು ಓದಿರಲಿಲ್ಲ, ಆದರೂ ನಿಲ್ಲಿಸಿದ.

ಇಂಥವರ ಪಕ್ಕದಲ್ಲಿ ನನ್ನಂಥವನು! ಭೀಮರಾಯನಗುಡಿಯ ಕಚೇರಿಯಲ್ಲಿ ಗುಮಾಸ್ತನಾಗಿ ನಾನು ಎಷ್ಟು ಫೈಲು ಮುಗಿಸಿದೆ ಎಂದು ಯಾರೂ ನೆನೆಸುವುದಿಲ್ಲ. ಎಂಜಿನಿಯರ್ ಸಾಹೇಬರ ಮಡಚಿದ ಛತ್ರಿಯಲ್ಲಿ ಚುರುಮುರಿ ತುಂಬಿಟ್ಟದ್ದನ್ನು ಮಾತ್ರ ಇಂದಿಗೂ ಹೇಳುತ್ತಾರೆ. ಆ ವರ್ಷ ಮಳೆ ತಡವಾಯಿತು. ಒಂದೂವರೆ ತಿಂಗಳು ಬಾಯಿ ಬಿಡದೆ ಕಾದೆ. ಕೊನೆಗೆ ಮಳೆ ಬಂದ ದಿನ ಸಾಹೇಬರ ತಲೆ ಮೇಲೆ ಅಕ್ಷತೆ ಬಿದ್ದಂತೆ ಬಿತ್ತು. ಕಿತಾಪತಿ ಯಾರು ಬೇಕಾದರೂ ಮಾಡಬಹುದು. ಕಾಯುವುದಕ್ಕೆ ಪ್ರತಿಭೆ ಬೇಕು.

ಅಕ್ಕೋರ ಮನೆಯ ವಿಷಯಕ್ಕೆ ಬರುತ್ತೇನೆ. ಮೂವತ್ತಕ್ಕೂ ಹೆಚ್ಚು ವರ್ಷದ ನೌಕರಿಯಲ್ಲಿ ಆರು ಕಡೆ ವರ್ಗ ಆಗಿತ್ತು. ಪ್ರತಿ ಊರಿನವರೂ ಬೀಳ್ಕೊಡುವಾಗ ಒಂದು ಶಾಲು, ಒಂದು ಗಡಿಯಾರ, ಒಂದು ಸ್ಟೀಲಿನ ಕೊಳಗ ಕೊಟ್ಟು ಕಳಿಸಿದ್ದರು. ಅದರ ಮೇಲೆ ಮದುವೆ ಮುಂಜಿಗೆ ಹೋದಾಗಲೆಲ್ಲ ಆಯೇರಿ ಎಂದು ಕೊಟ್ಟ ಜಂಪರ್ ಪೀಸುಗಳು. ಅವನ್ನು ಯಾರೂ ಹೊಲಿಸುವುದಿಲ್ಲ, ಮುಂದಿನ ಮದುವೆಯಲ್ಲಿ ಇನ್ನೊಬ್ಬರಿಗೆ ದಾಟಿಸುತ್ತಾರೆ. ಇವರು ಮಾತ್ರ ಕೊಟ್ಟವರ ನೆನಪಿಗೆ ಎಂದು ಎತ್ತಿಟ್ಟರು. ಮುರಿದ ಗ್ಲೋಬು, ಒಡೆದ ಸ್ಲೇಟು, ಖಾಲಿ ಸೀಸೆ, ಏನೇ ಸಿಕ್ಕರೂ “ಇರ್ಲಿ, ಬೇಕಾಗ್ತದ” ಎನ್ನುವರು. ಹಿತ್ತಲಲ್ಲಿ ಒಂದು ತಗಡಿನ ಖೋಲಿ ಇತ್ತು. ಅದರ ಬಾಗಿಲು ತೆರೆದರೆ ಸಾಮಾನೇ ಎದ್ದು ಬಂದು ನಮಸ್ಕಾರ ಮಾಡುತ್ತಿತ್ತು. ಅದು ತುಂಬಿದ ಮೇಲೆ ಮನೆಯ ನಡುವಿನ ಖೋಲಿ ತುಂಬಿತು. ಅಲ್ಲಿ ಕಿಟಕಿ ಇದೆ ಎಂಬುದು ಹೊರಗಿನಿಂದ ನೋಡಿದವರಿಗೆ ಮಾತ್ರ ಗೊತ್ತಿತ್ತು.

ಇದೆಲ್ಲ ಅವರ ಪಾಡಿಗೆ ಇತ್ತು. ನಾಗಮ್ಮನ ಖೋಲಿ ಕೆಡವುತ್ತಾರೆ ಎಂಬ ಸುದ್ದಿ ಬಂತು ನೋಡಿ, ಅಂದಿನಿಂದ ನನ್ನ ಗ್ರಹಚಾರ ಶುರುವಾಯಿತು.

ನಾಗಮ್ಮ ಅಕ್ಕೋರ ಸಾಲಿಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದಳು. ಗಂಡ ಇಲ್ಲ, ಮಕ್ಕಳಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆಯ ಒಂದು ಖೋಲಿ. ಆಕೆಯ ಮನೆತನದವರು ಬುದ್ಧನ ಪಟ ಇಟ್ಟು ಪೂಜಿಸುವವರು. ಊರಿನ ಎಷ್ಟೋ ಮನೆಗಳು ಆಕೆಯನ್ನು ಹೊಸ್ತಿಲ ಆಚೆಗೇ ನಿಲ್ಲಿಸಿ, ಬಹಳ ಪ್ರೀತಿಯಿಂದ ಮಾತಾಡಿಸಿ ಕಳಿಸುತ್ತಿದ್ದವು. ಸಾಲಿಯಲ್ಲಿ ಮಾತ್ರ ಅಕ್ಕೋರು ದಿನಾ ಮಧ್ಯಾಹ್ನ ಆಕೆಯ ಒಲೆಯ ಮುಂದೆ ಕುಂತು, ಆಕೆಯ ಕೈಯಿಂದಲೇ ನೀಡಿಸಿಕೊಂಡು ಉಂಡವರು. ಇಬ್ಬರೂ ಒಂದೇ ವರ್ಷ ಕೆಲಸ ಬಿಟ್ಟರು. ಈಗ ಆ ಬಾಡಿಗೆ ಖೋಲಿ ಹೋದರೆ ನಾಗಮ್ಮ ರಾಮಸಮುದ್ರದ ತಮ್ಮನ ಮನೆಗೆ ಹೋಗಬೇಕು. ಅಲ್ಲಿ ತಮ್ಮನ ಹೆಂಡತಿ ಆಡಿನ ದೊಡ್ಡಿ ಬಳಿಯುವ ಕಸಬರಿಗೆಯನ್ನು ಮೊದಲೇ ತೆಗೆದಿಟ್ಟಿದ್ದಳಂತೆ.

“ದಸರಾದ ಬನ್ನಿ ಹಬ್ಬದೊಳಗ ನಮ್ಮ ನಡುವಿನ ಖೋಲಿ ಖಾಲಿ ಮಾಡ್ತೀನಿ, ನಮ್ಮನಿಗೇ ಬಂದುಬಿಡು” ಎಂದು ಅಕ್ಕೋರು ನಾಗಮ್ಮನಿಗೆ ಮಾತು ಕೊಟ್ಟರು. ನಾನು ಕೇಳಿ ಸಲಹೆ ಕೊಡದೆ ಇರುವವನೇ?

“ಅಕ್ಕೋರ, ಅಷ್ಟ್ಯಾಕ ಹೈರಾಣ ಆಗ್ತೀರಿ? ಹಿತ್ತಲದಾಗಿನ ತಗಡಿನ ಖೋಲಿ ಖಾಲಿ ಮಾಡಿಕೊಟ್ರ ಆತಲ್ರಿ.”

ಅವರು ಬೆರಳು ಉಜ್ಜಿದರು. “ಅಣ್ಣಾರ, ಆಕಿ ಸಾಮಾನಲ್ಲ.”

ನಾನು ಮಾತು ಬದಲಿಸಿದೆ.

ಹಾಗಾದರೆ ಎಲ್ಲವನ್ನೂ ಒಂದೇ ದಿನ ಎತ್ತಿ ಹಾಕಬೇಕೋ ಬೇಡವೋ? ಹಳೆಯ ಪಾತ್ರೆ, ಕಬ್ಬಿಣ ತೂಗಿ ಕೊಳ್ಳುವ ಮೋಡಕಾ ಸಾಮಾನಿನವನನ್ನು ನಾನೇ ಕರೆತಂದೆ. ಅಕ್ಕೋರು ಅವನಿಗೆ, ಈ ಕೊಳಗ ಎಲ್ಲಿಗೆ ಹೋಗುತ್ತದೆ, ಕರಗಿಸುತ್ತಾರೋ, ಕರಗಿಸಿದರೆ ಏನು ಮಾಡುತ್ತಾರೆ, ಇದರ ಮೇಲೆ ಕೊರೆಸಿದ ಊರಿನವರ ಹೆಸರು ಏನಾಗುತ್ತದೆ ಎಂದು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಅವನು ತನ್ನ ತಕ್ಕಡಿಯನ್ನೂ ಮರೆತು ಓಡಿದ. ಮಾರನೆಯ ದಿನ ಆ ತಕ್ಕಡಿ ಒಯ್ಯಲು ಹೆಂಡತಿಯನ್ನು ಕಳಿಸಿದ.

ಆಮೇಲೆ ಅಕ್ಕೋರು ತಮ್ಮ ನಿಯಮ ಸಾರಿದರು. ದಿನಕ್ಕೆ ಒಂದೇ ಸಾಮಾನು. ಅದು ಬಳಸುವವರ ಕೈಗೇ ಹೋಗಬೇಕು. ಬಳಸುತ್ತಾರೋ ಇಲ್ಲವೋ ಎಂದು ಮಾರನೆಯ ದಿನ ಅವರೇ ಬಂದು ನೋಡುವರು, ಮಕ್ಕಳ ಹೋಂವರ್ಕು ನೋಡಿದ ಹಾಗೆ.

ಶ್ರಾವಣದಿಂದ ಶುರು. ಚಹಾ ಅಂಗಡಿಯವನಿಗೆ ಒಂದು ಟ್ರೇ ಹೋಯಿತು, ದರ್ಜಿಗೆ ಜಂಪರ್ ಪೀಸುಗಳು ಹೋದವು, ಸಾಲಿಗೆ ಗ್ಲೋಬು ಹೋಯಿತು. ಎರಡು ದಿನಕ್ಕೋ ಮೂರು ದಿನಕ್ಕೋ ಒಮ್ಮೆ ಪಾಳಿ ನನ್ನದು. ಬೆಳಿಗ್ಗೆ ನಾನು ಬೇವಿನ ಕಡ್ಡಿ ಬಾಯಲ್ಲಿಟ್ಟು ನಿಂತಿದ್ದರೆ, ಇಬ್ಬರ ಮನೆಯ ನಡುವಿನ ಗೋಡೆಯ ಮೇಲೆ ಠಪ್ ಎಂದು ಏನೋ ಬಂದು ಕೂಡುವುದು.

“ತಗೋರಿ ಅಣ್ಣಾರ, ಇವತ್ತಿಂದು.”

“ಮೊನ್ನೆ ಗಡಿಯಾರ ಕೊಟ್ರಲ್ರಿ!”

“ಅದು ಪಡಸಾಲ್ಯಾಗಿಂದು. ಇದು ಅಡಿಗಿ ಮನ್ಯಾಗಿಂದು.”

ಬೇಡ ಎಂದರೆ, ನಾನು ಎರಡನೇ ಇಯತ್ತೆಯಲ್ಲಿ ನಪಾಸಾದ ಹುಡುಗನೋ ಎಂಬಂತೆ ನೋಡುವರು. ಇನ್ನು ನನ್ನ ಹೆಂಡತಿಯ ಕಥೆ ಬೇರೆ. ನಮ್ಮ ಕಡೆ ಒಬ್ಬರ ಮನೆಯಿಂದ ಬಂದ ಭಾಂಡೆ ಖಾಲಿ ತಿರುಗಿಸುವ ಪದ್ಧತಿ ಇಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿಯೇ ಕೊಡಬೇಕು. ಅಕ್ಕೋರು ಕೊಟ್ಟದ್ದು ತಿರುಗಿಸುವ ಭಾಂಡೆಯಲ್ಲ, ಕಾಯಮ್ಮಾಗಿ ಕೊಟ್ಟದ್ದು ಎಂದು ಎಷ್ಟು ಹೇಳಿದರೂ ನಮ್ಮಾಕೆಗೆ ಸಮಾಧಾನ ಇಲ್ಲ. “ತಗೊಂಡು ಸುಮ್ಮ ಕುಂದ್ರೂದು ಅಂದ್ರ ಹೆಂಗ್ರಿ? ನಾಳಿ ಓಣ್ಯಾಗ ಮುಖ ತೋರಸ್ಬೇಕಲ್ಲ” ಎಂದು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ಕಳಿಸುವಳು. ಅಕ್ಕೋರು ಹಿಂಡಿ ಉಂಡು ಆ ಡಬ್ಬಿಯಲ್ಲಿ ಸಂಡಿಗೆ ಹಾಕಿ ಕಳಿಸುವರು, ಅದರ ಜೊತೆ ಇನ್ನೊಂದು ಶಾಲು. ದರ್ಜಿಯ ಹೆಂಡತಿ ಕೌದಿ ಹೊಲಿದು ತಂದುಕೊಟ್ಟಳು. ಚಹಾದವನು ಟ್ರೇ ತುಂಬ ಕಪ್ಪುಗಳನ್ನಿಟ್ಟುಕೊಂಡು ಬಂದ. ಒಂದು ಸಾಮಾನು ಹೊರಗೆ ಹೋದರೆ ಎರಡು ಒಳಗೆ. ಹಿಂಗಾದರೆ ಖೋಲಿ ಖಾಲಿ ಆಗುವುದು ಯಾವಾಗ? ಅಕ್ಕೋರು ಮರುದಿನ ಆ ಕಪ್ಪುಗಳನ್ನು ಟ್ರೇ ಸಮೇತ ನನ್ನ ಗೋಡೆ ಮೇಲೆ ಇಟ್ಟರು.

ನಡುವೆ ಪರೀಕ್ಷೆ. “ಕುರ್ಚಿ ಯಾಕ ಗ್ವಾಡಿಗೆ ಮುಖ ಮಾಡಿ ಇಟ್ಟೀರಿ?” “ಶಾಲಿನ ಮಡಿಕಿ ಯಾಕ ಬಿಚ್ಚಿಲ್ಲ?” ಒಮ್ಮೆ ಹೆದರಿ, ಸೆಕೆಯಲ್ಲಿ ಶಾಲು ಹೊದ್ದು ಪೇಪರು ಓದುತ್ತ ಕುಂತೆ. “ಜ್ವರ ಬಂದಾವೇನ್ರಿ?” ಎಂದು ಕೇಳಿ, ಮರುದಿನ ಒಂದು ಥರ್ಮಾಸ್ ತಂದಿಟ್ಟರು.

ಆದರೂ ಹಟ ಅಂದರೆ ಹಟ. ಹಬ್ಬಕ್ಕೆ ಒಂಬತ್ತು ದಿನ ಇರುವಾಗ ನಡುವಿನ ಖೋಲಿಯ ಕೊನೆಯ ಸಾಮಾನು ಹೊರಬಿತ್ತು. ನೆಲ ಒರೆಸಿದರು, ಗೋಡೆಗೆ ಸುಣ್ಣ ಹೊಡೆಸಿದರು. ನಮ್ಮನ್ನು ಕರೆದು ತೋರಿಸಿದರು. ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು, ಬುದ್ಧ ಮಲಗಿದಂತೆ ಇರುವ ನಮ್ಮ ಶಹಾಪುರದ ಬೆಟ್ಟ. “ನಾಗಮ್ಮಗ ಇಲ್ಲೇ ಮಂಚ ಹಾಕ್ತೀನಿ, ಎದ್ದ ಕೂಡ್ಲೆ ಕಾಣಬೇಕು” ಎಂದರು. ನನ್ನ ತಲೆಯಲ್ಲಿ ಅದೇ ಹೊತ್ತಿಗೆ ಬೇರೆ ವಿಚಾರ ನಡೆದಿತ್ತು. ನನ್ನ ಪಾಲಿಗೆ ಬಂದ ಸಾಮಾನು ಒಟ್ಟು ಇಪ್ಪತ್ತಮೂರು. ಸುಮ್ಮನೆ ಬಿಡಬೇಕೇ?

ಮುಂದಿನ ಸೋಮವಾರ ಅಕ್ಕೋರು, ನಮ್ಮಾಕೆ, ಓಣಿಯ ಹೆಣ್ಣುಮಕ್ಕಳೆಲ್ಲ ಟೆಂಪೊ ಮಾಡಿಕೊಂಡು ಅಬ್ಬೆತುಮಕೂರಿನ ಮಠಕ್ಕೆ ಹೋದರು. ಅಕ್ಕೋರ ಮನೆಯ ಇನ್ನೊಂದು ಕೀಲಿ ಯಾವಾಗಲೂ ನಮ್ಮಲ್ಲೇ ಇರುತ್ತಿತ್ತು. ಮಧ್ಯಾಹ್ನ ಇಡೀ ಇಪ್ಪತ್ತಮೂರು ಸಾಮಾನನ್ನೂ ಹೊತ್ತು ಆ ಖೋಲಿಗೆ ಹಾಕಿದೆ. ಈ ವಯಸ್ಸಿನಲ್ಲಿ, ಒಬ್ಬನೇ! ಸುಮ್ಮನೆ ಹಾಕಿದೆನೆಂದು ತಿಳಿಯಬೇಡಿ. ಬಾಗಿಲು ತೆರೆದ ಕೂಡಲೇ ಎದುರಿಗೆ ಕುರ್ಚಿ, ಕುರ್ಚಿ ಮೇಲೆ ಕೊಳಗ, ಕೊಳಗಕ್ಕೆ ಶಾಲು ಹೊದಿಸಿ ಅಧ್ಯಕ್ಷರಂತೆ ಕೂಡಿಸಿದ್ದೆ. ಸುತ್ತಲೂ ಐದು ಗಡಿಯಾರ, ಐದೂ ಬೇರೆ ಬೇರೆ ಹೊತ್ತು. ಕಿಟಕಿಗೆ ಟ್ರೇ ಅಡ್ಡ. ಅಕ್ಕೋರು ಬೈಯುವರು, ನಾನು ನಗುವೆ, ಹಬ್ಬಕ್ಕೆ ಇನ್ನೂ ವಾರ ಇದೆ, ರಾತ್ರಿಯೊಳಗೆ ತಿರುಗಿ ಹೊತ್ತೊಯ್ದರೆ ಆಯಿತು. ಇಷ್ಟೇ ನನ್ನ ಹಿಕಮತ್ತು.

ಸಂಜೆ ಗೋಡೆಯ ಈಚೆ ಕುರ್ಚಿ ಹಾಕಿಕೊಂಡು ಕಾದೆ. ಟೆಂಪೊ ಬಂತು. ಅಕ್ಕೋರು ಇಳಿದರು. ಅವರ ಗೇಟಿನ ಮುಂದೆ ನಾಗಮ್ಮ ಟ್ರಂಕು ಇಟ್ಟುಕೊಂಡು ನಿಂತಿದ್ದಳು.

ಬಾಡಿಗೆ ಖೋಲಿಯ ಮಾಲಕ ಹಬ್ಬದವರೆಗೂ ಕಾಯಲಿಲ್ಲವಂತೆ, ಅಂದೇ ಬಿಡಿಸಿದ್ದ.

“ಚಲೋನೇ ಆತು ಬಂದಿ!” ಅಕ್ಕೋರ ದನಿ ಓಣಿಗೆಲ್ಲ ಕೇಳುವಷ್ಟು. “ಖೋಲಿ ನೋಡಬಾ. ಹೆಂಗ ಬಯಲಾಗ್ಯಾದ ನೋಡು. ಬಾ, ಒಳಗ ಬಾ.”

ನಾನು ಎದ್ದು ಗೋಡೆಯವರೆಗೆ ಹೋದೆ. ಕೂಗಬೇಕಿತ್ತು. ಕೂಗಲಿಲ್ಲ. ಮುಂದಿನ ಬಾಗಿಲೂ ನಡುವಿನ ಖೋಲಿಯ ಬಾಗಿಲೂ ಒಂದೇ ನೇರಕ್ಕೆ ಇದ್ದುದರಿಂದ ಎಲ್ಲ ಕಾಣುತ್ತಿತ್ತು. ಅಕ್ಕೋರು ಖೋಲಿಯ ಬಾಗಿಲು ಪೂರಾ ತೆರೆದು, ನಾಗಮ್ಮನ ಮುಖವನ್ನೇ ನೋಡುತ್ತ ಬದಿಗೆ ಸರಿದು ನಿಂತರು. ನಾಗಮ್ಮ ಒಳಗೆ ನೋಡಿದಳು. ಆಮೇಲೆ ಅಕ್ಕೋರೂ ನೋಡಿದರು.

ಬ್ಯಾಂಡು ನಿಲ್ಲಿಸಿದ ಬಾಯಿ ಅದು. ಅವತ್ತು ಅದರಿಂದ ಒಂದು ಅಕ್ಷರ ಹೊರಡಲಿಲ್ಲ.

“ಇರ್ಲಿ ಬಿಡ್ರಿ ಅಕ್ಕೋರ” ಎಂದಳು ನಾಗಮ್ಮ. ಸಿಟ್ಟು ಇರಲಿಲ್ಲ, ಅದೇ ಕೆಟ್ಟದ್ದು. “ನಿಮ್ಮ ಬಾಯಿ ಬಾ ಅಂತೈತಿ, ನಿಮ್ಮ ಮನಿ ಬ್ಯಾಡ ಅಂತೈತಿ. ಕೊನೀ ಬಸ್ಸಿಗೆ ಹೋಗಿಬಿಡ್ತೀನಿ.”

ಟ್ರಂಕು ತಲೆ ಮೇಲೆ ಇಟ್ಟುಕೊಂಡು ನಮ್ಮ ಗೇಟಿನ ಮುಂದೆಯೇ ಹೋದಳು. ನಾನು ಕೆಳಗೆ ಕುಂತುಬಿಟ್ಟೆ, ಕಾಣದ ಹಾಗೆ.

ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ದನಿ ಬಂತು. “ಅಣ್ಣಾರ, ನಮ್ಮನಿ ಕೀಲಿ ಕೊಡ್ರಿ.”

ಕೊಟ್ಟೆ. ಅವರು ಬೈದಿದ್ದರೆ ಬದುಕಿಬಿಡುತ್ತಿದ್ದೆ. ಹೆಬ್ಬೆರಳಿನಿಂದ ಕೀಲಿಯನ್ನು ಒರೆಸಿ, “ಮೊದಲು ಖೋಲಿ ಖಾಲಿ ಮಾಡ್ರಿ. ನಾಳಿ ಮುಂಜಾನಿ ರಾಮಸಮುದ್ರಕ್ಕ ಹೋಗ್ರಿ. ತಪ್ಪು ಯಾರು ಮಾಡ್ಯಾರ, ಅವರೇ ಎದ್ದು ನಿಂತು ಹೇಳಬೇಕು” ಎಂದರು.

ನನ್ನ ಹೆಂಡತಿ ಅಂದು ನನಗೆ ಊಟಕ್ಕೆ ಕರೆಯಲಿಲ್ಲ.

ಮಾರನೆಯ ದಿನ ಯಾದಗಿರಿಯಲ್ಲಿ ಬಸ್ಸು ಬದಲಿಸಿ ರಾಮಸಮುದ್ರ ಮುಟ್ಟಿದೆ. ನಾಗಮ್ಮ ಆಗಲೇ ದೊಡ್ಡಿಯಲ್ಲಿ ಆಡಿನ ಹಿಕ್ಕೆ ಬಳಿಯುತ್ತಿದ್ದಳು. ಆಕೆಯ ತಮ್ಮನ ಹೆಂಡತಿ ಕಟ್ಟೆಯ ಮೇಲೆ ಕುಂತು ಜೋಳ ಹಸನು ಮಾಡುತ್ತ ಕಿವಿ ಇತ್ತ ಕೊಟ್ಟಿದ್ದಳು. ಆಡುಗಳ ನಡುವೆ ಕೈ ಕಟ್ಟಿ ನಿಂತು ಎಲ್ಲ ಹೇಳಿದೆ. ತಪ್ಪು ಒಪ್ಪಿಕೊಳ್ಳುವುದರಲ್ಲೂ ನನ್ನನ್ನು ಮೀರಿಸುವವರಿಲ್ಲ, ಕೊಳಗಕ್ಕೆ ಶಾಲು ಹೊದಿಸಿದ್ದನ್ನೂ ಬಿಡದೆ ಹೇಳಿದೆ. ತಮ್ಮನ ಹೆಂಡತಿ ಕಿಸಕ್ಕೆಂದು ನಕ್ಕಳು. ನಾಗಮ್ಮ ನಗಲಿಲ್ಲ.

“ಮಜಾಕ್ ಮಾಡಿದ್ರಿ?”

“ಹೌದವಾ. ನನ್ನದೇ ತಪ್ಪು. ಅಕ್ಕೋರು ಖೋಲಿ ಖಾಲಿ ಮಾಡಿ ಸುಣ್ಣ ಹೊಡಿಸಿದ್ರು.”

“ಹಂಗಾದ್ರ ಆಕಿ ಯಾಕ ಹೇಳ್ಲಿಲ್ಲ?”

“ಮಾತೇ ಬರ್ಲಿಲ್ಲ ನೋಡವಾ ಅವರಿಗೆ.”

“ಮೂವತ್ತ ವರ್ಷ ಸಾಲ್ಯಾಗ ಬಾಯಿ ಮುಚ್ಚಿದಾಕಿ ಅಲ್ಲ. ನಾ ಬಂದಾಗೇ ಮಾತ ಬರ್ಲಿಲ್ಲೇನು?” ಕಸಬರಿಗೆ ಗೋಡೆಗೆ ಒರಗಿಸಿದಳು. “ನಿಮ್ಮ ಮಾತು ನಂಬ್ತೀನ್ರಿ. ಆದ್ರ ನಾ ಎಷ್ಟು ಬಾಗಲದಾಗ ನಿಂತೀನಿ, ನಿಮಗ ಗೊತ್ತಿಲ್ಲ. ಒಳಗ ಬಾ ಅಂತ ಯಾರರೇ ಅಂದಾರೇನು ಅಂತ ಮುಖ ನೋಡಿಕೋತ ನಿಂದ್ರೂದು ನನಗ ಸಾಕಾಗೈತಿ. ಹೋಗಿ ಹೇಳ್ರಿ.”

ಬಂದು ಹೇಳಿದೆ. ಒಂದು ಮಾತೂ ಬಿಡಲಿಲ್ಲ, ಒಂದೂ ಸೇರಿಸಲಿಲ್ಲ, ಅದು ನನ್ನ ಜೀವಮಾನದಲ್ಲೇ ಮೊದಲು. ಮರುದಿನ ಮುಂಜಾನೆ ಅಕ್ಕೋರು ನಮ್ಮ ಬಾಗಿಲಿಗೆ ಬಂದು, “ನಡೀರಿ, ದಾರಿ ತೋರಸ್ರಿ” ಎಂದರು. ಮೊಣಕಾಲು ನೋವಿನಲ್ಲಿ ಎರಡು ಬಸ್ಸು ಹತ್ತಿ ಇಳಿದರು.

ದೊಡ್ಡಿಯ ಮುಂದೆ ನಿಂತು ಅವರು ಕ್ಷಮೆ ಕೇಳುವರೇನೋ, ಅಳುವರೇನೋ ಎಂದು ನಾನು ಕರ್ಚೀಫು ಹಿಡಿದುಕೊಂಡಿದ್ದೆ. ಅವರು ಸೊಂಟದ ಗಂಟಿನಿಂದ ಕೀಲಿ ತೆಗೆದು ನಾಗಮ್ಮನ ಅಂಗೈಯಲ್ಲಿಟ್ಟರು.

“ಇದು ಅಣ್ಣಾರ ಹತ್ರ ಇತ್ತು. ಇನ್ನ ನಿನ್ನ ಹತ್ರ. ಬಾ ಅಂತ ನಾ ಕರಿಯೂದಿಲ್ಲ. ನಿನಗ ಬರ್ಬೇಕು ಅನಿಸಿದ ದಿನ ಬಂದು ನೀನ ಬೀಗ ತಗಿ. ನಾ ಅಲ್ಲಿ ಬಾಗಲದಾಗ ಇರೂದಿಲ್ಲ.”

ನಾಗಮ್ಮ ಕೀಲಿ ನೋಡಿದಳು, ಬರುತ್ತೇನೆ ಎನ್ನಲಿಲ್ಲ, ಒಲ್ಲೆ ಎನ್ನಲಿಲ್ಲ. ಚಹಾ ಕುಡಿಸಿ ಬಸ್ಸಿಗೆ ಕಳಿಸಿದಳು.

ಬಾಗಿಲಲ್ಲಿ ಇರುವುದಿಲ್ಲ ಎಂದರೆ ಎಲ್ಲಿರುತ್ತಾರೆ? ನಮ್ಮ ಮನೆಯಲ್ಲಿ! ಮನೆಗೆ ಬೀಗ ಜಡಿದು, ತಮ್ಮ ಕೀಲಿಯನ್ನು ನನ್ನ ಹೆಂಡತಿಗೆ ಒಪ್ಪಿಸಿ, ಬಟ್ಟೆಯ ಗಂಟಿನ ಸಮೇತ ಬಂದು ನಮ್ಮ ಪಡಸಾಲೆಯಲ್ಲಿ ಕುಂತರು. ಒಂದು ದಿನ, ಎರಡು ದಿನ, ಮೂರು ದಿನ. ಆ ಮೂರು ದಿನ ನಾನು ಅನುಭವಿಸಿದ್ದು ವೈರಿಗೂ ಬೇಡ. ಇಪ್ಪತ್ತಮೂರು ಸಾಮಾನನ್ನೂ ದಿನಾ ತಪಾಸಣೆ ಮಾಡಿದರು. ಗಡಿಯಾರಗಳ ಹೊತ್ತು ಸರಿ ಮಾಡಿಸಿದರು. ನಾನು ಪೇಪರು ಓದಿದರೆ, “ತುಟಿ ಅಲ್ಲಾಡಿಸಬ್ಯಾಡ್ರಿ, ಮನಸಿನ್ಯಾಗ ಓದ್ರಿ” ಎಂದರು. ನನ್ನ ಹೆಂಡತಿಗೆ ಖುಷಿಯೋ ಖುಷಿ. ಆದರೆ ಓಣಿಯಲ್ಲಿ ಯಾರ ಗೇಟು ಸಪ್ಪಳವಾದರೂ ಅಕ್ಕೋರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಬೆರಳು ಉಜ್ಜುವುದೂ ನಿಲ್ಲುತ್ತಿತ್ತು. ಹಾಲಿನವನು, ಪೋಸ್ಟಿನವನು, ಯಾರದೋ ಎಮ್ಮೆ. ಮೂರನೆಯ ದಿನ ಅವರು ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟರು. ಅನ್ನ ಬಿಟ್ಟ ಮಕ್ಕಳಿಗೆ ಬೈದು ಬೈದು ಮುದುಕಿಯಾದವರು ಅವರು.

“ಬರೂದಿಲ್ಲೇನೋ ಅಣ್ಣಾರ” ಎಂದರು. ಉತ್ತರ ತಮಗೇ ಗೊತ್ತಿಲ್ಲದ ಪ್ರಶ್ನೆಯನ್ನು ಅವರು ನನ್ನನ್ನು ಕೇಳಿದ್ದು ಅದೊಂದೇ ಸಲ. ನನ್ನ ಹತ್ತಿರ ಒಂದೂ ಸುಳ್ಳು ಇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ, ನಾನು ಅಂಗಳದಲ್ಲಿ ನಿಂತಿದ್ದಾಗ ಪಕ್ಕದ ಗೇಟು ಕಿರ್ರೆಂದಿತು. ಟ್ರಂಕು ನೆಲಕ್ಕಿಟ್ಟ ಸಪ್ಪಳ. ಬೀಗ ತೆಗೆದ ಸಪ್ಪಳ. ಒಳಗೆ ಓಡಿ, “ಬಂದಾಳ್ರಿ! ಏಳ್ರಿ, ಹೋಗ್ರಿ” ಎಂದೆ. ಅಕ್ಕೋರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು, ಏಳಲಿಲ್ಲ. ನನ್ನ ಹೆಂಡತಿ ಒಲೆ ಸಣ್ಣ ಮಾಡಿ ಬಂದು ನಿಂತಳು. ಪಕ್ಕದ ಮನೆಯಲ್ಲಿ ನಾಗಮ್ಮ ಕಿಟಕಿ ತೆರೆದಳು. ಕಸ ಗುಡಿಸಿದಳು. ಭಾಂಡೆ ಸಪ್ಪಳವಾಯಿತು. ನನಗೆ ತಡೆಯಲಾಗದೆ ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ನಮ್ಮಾಕೆ ನನ್ನ ಬೆನ್ನಿಗೆ ಚಿವುಟಿದಳು.

ಆಮೇಲೆ ಗೋಡೆಯ ಆಚೆಯಿಂದ ನಾಗಮ್ಮನ ದನಿ ಕೇಳಿತು. “ಅಕ್ಕೋರ, ಎಷ್ಟೊತ್ತು ಅಲ್ಲೇ ಕುಂದ್ರತೀರಿ? ಚಾ ಆರಾಕತ್ತೈತಿ. ಒಳಗ ಬರ್ರಿ.”

ಅಕ್ಕೋರು ಎದ್ದರು. ಸೆರಗು ಸರಿಮಾಡಿಕೊಂಡು, ಕೂದಲು ಒತ್ತಿಕೊಂಡು, ಮೊದಲ ಸಲ ಒಬ್ಬರ ಮನೆಗೆ ಹೋಗುವವರ ಹಾಗೆ ನಿಧಾನವಾಗಿ ಹೋದರು. ತಮ್ಮದೇ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಚಪ್ಪಲಿ ಬಿಟ್ಟು, ಒಳಗೆ ಕಾಲಿಟ್ಟರು.